ಆಲ್ಮನ್ ಬ್ರದರ್ಸ್ ಮತ್ತು ಲೆನರ್ಡ್ ಸ್ಕಿನರ್ಡ್: ಶಾಲೆಯ ಓಟದ ತಂಡದಲ್ಲಿ ಮಾಡಿದ ಹೋಲಿಕೆ

ಅಮೆರಿಕದ ದಕ್ಷಿಣ ರಾಜ್ಯಗಳ ಸದರ್ನ್ ರಾಕ್ ಸಂಗೀತವನ್ನು ಹೊಸದಾಗಿ ಕೇಳಲು ಹೊರಟವರು ಯಾರನ್ನು ವಿಚಾರಿಸಿದರೂ ಎರಡು ತಂಡಗಳ ಹೆಸರು ಮೊದಲು ಬರುತ್ತದೆ. ಒಂದು ಆಲ್ಮನ್ ಬ್ರದರ್ಸ್ ಬ್ಯಾಂಡ್, ಇನ್ನೊಂದು ಲೆನರ್ಡ್ ಸ್ಕಿನರ್ಡ್. ಎರಡೂ ಫ್ಲಾರಿಡಾದ ಜ್ಯಾಕ್ಸನ್‌ವಿಲ್ ನಗರದಲ್ಲಿ ಹುಟ್ಟಿದವು. ಎರಡರಲ್ಲೂ ಒಂದಕ್ಕಿಂತ ಹೆಚ್ಚು ಮುಖ್ಯ ಗಿಟಾರ್‌ಗಳಿವೆ. ಬ್ಲೂಸ್ ಮತ್ತು ಕಂಟ್ರಿ ಎರಡಕ್ಕೂ ತಾಯಿಬೇರು. ಆದರೂ ಇವು ಕೇಳುಗನಿಂದ ಬಯಸುವುದು ಒಂದನ್ನೇ ಅಲ್ಲ. ಇದನ್ನು ನಾನು ಕಂಡುಕೊಂಡದ್ದು ಹೈಸ್ಕೂಲಿನ ಕ್ರಾಸ್ ಕಂಟ್ರಿ ಓಟದ ತಂಡದಲ್ಲಿ ಇದ್ದ ಮೂರು ವರ್ಷಗಳಲ್ಲಿ. ಯಾವ ತಂಡ ಮೇಲು ಎಂಬ ವಾದ ಅಲ್ಲಿ ಪ್ರತಿ ಶನಿವಾರವೂ ನಡೆಯುತ್ತಿತ್ತು, ಮತ್ತು ಪ್ರತಿಯೊಬ್ಬನೂ ತನ್ನ ಕಾಲುಗಳ ಅನುಭವವನ್ನೇ ಸಾಕ್ಷಿಯಾಗಿ ಮುಂದಿಡುತ್ತಿದ್ದನು.

1999ರ ಆಗಸ್ಟ್‌ನಲ್ಲಿ, ಅಪ್ಪನ ಕೆಲಸದ ನಿಮಿತ್ತ ನಮ್ಮ ಕುಟುಂಬ ಮೈಸೂರಿನಿಂದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಈಶಾನ್ಯ ಹೊರವಲಯಕ್ಕೆ ಬಂದು ನೆಲೆಸಿದಾಗ ನನಗೆ ಹದಿನೈದು ವರ್ಷ. ಮನೆಯಲ್ಲಿ ಅಮ್ಮ ಕರ್ನಾಟಕ ಸಂಗೀತದ ಗಾಯನ ಕಲಿತವರು. ಬೆಳಗಿನ ಸಾಧನೆಯನ್ನು ಅಲ್ಲಿಗೆ ಬಂದ ಮೇಲೂ ಬಿಟ್ಟವರಲ್ಲ. ಶಾಲೆಯಲ್ಲಿ ಬೇರೆ ಎಲ್ಲ ಆಟಗಳಿಗೂ ಆಯ್ಕೆಯ ಪರೀಕ್ಷೆ ಇತ್ತು. ಕ್ರಾಸ್ ಕಂಟ್ರಿಗೆ ಮಾತ್ರ, ಅಭ್ಯಾಸಕ್ಕೆ ತಪ್ಪದೆ ಬರುವವರಿಗೆಲ್ಲ ಜಾಗವಿತ್ತು. ಪೈನ್ ಮರಗಳ ನಡುವಿನ ಕೆಂಪು ಮಣ್ಣಿನ ದಾರಿಯಲ್ಲಿ ಐದು ಕಿಲೋಮೀಟರ್ ಓಡುವುದು ಆ ಆಟದ ತಿರುಳು. ವಾರದಲ್ಲಿ ಎರಡು ದಿನ ಓಟದ ನಂತರ ಮುಕ್ಕಾಲು ಗಂಟೆ ವೇಟ್ ರೂಮಿನಲ್ಲಿ ಕಸರತ್ತು, ಶನಿವಾರ ಬೆಳಗಿನ ಜಾವ ಹಳದಿ ಬಸ್ಸಿನಲ್ಲಿ ಬೇರೆ ಊರಿನ ಸ್ಪರ್ಧೆಗೆ ಪ್ರಯಾಣ. ನನ್ನ ಹೋಲಿಕೆ ನಡೆದದ್ದು ಈ ಮೂರು ಜಾಗಗಳಲ್ಲಿ: ವೇಟ್ ರೂಮು, ಬಸ್ಸು ಮತ್ತು ಕಾಡಿನ ದಾರಿ. ಒಂದೊಂದು ಜಾಗವೂ ಒಂದೊಂದು ಬಗೆಯ ಒರೆಗಲ್ಲಾಯಿತು.

ಮೊದಲು ಕಿವಿಗೆ ಬಿದ್ದದ್ದು ಲೆನರ್ಡ್ ಸ್ಕಿನರ್ಡ್. ವೇಟ್ ರೂಮು ಮೂಲತಃ ಫುಟ್‌ಬಾಲ್ ತಂಡದವರ ಆಡಳಿತದಲ್ಲಿತ್ತು, ಅಲ್ಲಿನ ಸ್ಪೀಕರ್‌ನಲ್ಲಿ ಏನು ಹಾಕಬೇಕೆಂಬುದನ್ನು ಹನ್ನೆರಡನೇ ತರಗತಿಯ ಹುಡುಗರೇ ತೀರ್ಮಾನಿಸುತ್ತಿದ್ದರು. ಅವರು ದಿನಕ್ಕೊಮ್ಮೆಯಾದರೂ ಹಾಕುತ್ತಿದ್ದ ಹಾಡು 1974ರ 'ಸ್ವೀಟ್ ಹೋಮ್ ಅಲಬಾಮಾ'. ಮೂರು ಸ್ವರಮೇಳಗಳ ಒಂದು ಸುತ್ತು, ಅದೇ ಸುತ್ತಿನ ಪುನರಾವರ್ತನೆ. ಸರಳುಗಳನ್ನು ಎಂಟೆಂಟು ಬಾರಿ ಎತ್ತಿ ಇಳಿಸುವ ಕೆಲಸಕ್ಕೆ ಇದಕ್ಕಿಂತ ಹೊಂದುವ ನಡೆಯನ್ನು ನಾನು ಇಂದಿಗೂ ಕೇಳಿಲ್ಲ. ಹೆಸರು ಅಲಬಾಮಾದ್ದು, ಹಾಡಿದವರು ಫ್ಲಾರಿಡಾದವರು, ಮುದ್ರಣವಾದದ್ದು ಜಾರ್ಜಿಯಾದ ಡೊರಾವಿಲ್ ಎಂಬ ಪುಟ್ಟ ಊರಿನ ಸ್ಟುಡಿಯೋ ಒನ್‌ನಲ್ಲಿ. ಆ ಡೊರಾವಿಲ್ ನಾವು ಪ್ರತಿ ಭಾನುವಾರ ತರಕಾರಿ ಮತ್ತು ಅಕ್ಕಿ ತರಲು ಹೋಗುತ್ತಿದ್ದ ದಾರಿಯಲ್ಲಿತ್ತು ಎಂದು ತಿಳಿದ ದಿನ ಆ ಸಂಗೀತ ನನಗೆ ಪರಕೀಯವೆನಿಸುವುದು ನಿಂತಿತು.

ಈ ತಂಡಕ್ಕೂ ಶಾಲೆಯ ಆಟದ ಮೈದಾನಕ್ಕೂ ಇರುವ ನಂಟು ಬರಿಯ ಕಾಕತಾಳೀಯವಲ್ಲ ಎಂಬುದನ್ನು ಹೇಳಿದವರು ನಮ್ಮ ಸಹಾಯಕ ಕೋಚ್. 1964ರ ಬೇಸಿಗೆಯಲ್ಲಿ ಜ್ಯಾಕ್ಸನ್‌ವಿಲ್‌ನ ಒಂದು ಬೇಸ್‌ಬಾಲ್ ಆಟದಲ್ಲಿ, ಮುಂದೆ ತಂಡದ ಗಾಯಕನಾದ ರಾನಿ ವ್ಯಾನ್ ಜಾಂಟ್ ಹೊಡೆದ ಚೆಂಡು ಬಾಬ್ ಬರ್ನ್ಸ್ ಎಂಬ ಹುಡುಗನಿಗೆ ತಗುಲಿತು. ಆ ಹುಡುಗನ ಬಳಿ ಡ್ರಮ್ಸ್ ಇತ್ತು, ಜೊತೆಗಿದ್ದ ಗ್ಯಾರಿ ರಾಸಿಂಗ್‌ಟನ್ ಬಳಿ ಗಿಟಾರ್ ಇತ್ತು. ತಂಡದ ಆರಂಭ ಆಗಿದ್ದು ಹೀಗೆ. ಹೆಸರು ಬಂದದ್ದು ಅಲ್ಲಿನ ರಾಬರ್ಟ್ ಇ. ಲೀ ಹೈಸ್ಕೂಲಿನ ದೈಹಿಕ ಶಿಕ್ಷಣದ ಶಿಕ್ಷಕರಾದ ಲೆನರ್ಡ್ ಸ್ಕಿನ್ನರ್ ಅವರಿಂದ. ಹುಡುಗರು ಉದ್ದ ಕೂದಲು ಬಿಡಬಾರದೆಂಬ ನಿಯಮವನ್ನು ಅವರು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು; ಆ ಹೆಸರಿನ ಅಕ್ಷರಗಳನ್ನು ಅತ್ತಿತ್ತ ತಿರುಗಿಸಿ ಹುಡುಗರು ತಮ್ಮ ತಂಡಕ್ಕೆ ಇಟ್ಟುಕೊಂಡರು. ಮುಂದೆ ಆ ಶಿಕ್ಷಕರಿಗೂ ತಂಡದವರಿಗೂ ಸ್ನೇಹ ಬೆಳೆಯಿತು ಎಂಬುದನ್ನೂ ನಮ್ಮ ಕೋಚ್ ಒತ್ತಿ ಹೇಳಿದರು. 'ಫ್ರೀ ಬರ್ಡ್' ಹಾಡಿನ ಪಿಯಾನೋ ಪೀಠಿಕೆಯ ಹುಟ್ಟೂ ಶಾಲೆಯಲ್ಲೇ ಆಗಿದೆ. ತಂಡದ ಸಾಮಾನು ಸಾಗಿಸುತ್ತಿದ್ದ ಬಿಲ್ಲಿ ಪವೆಲ್, ಬೋಲ್ಸ್ ಎಂಬ ಶಾಲೆಯ ನೃತ್ಯಕೂಟದ ರಾತ್ರಿ ಅಲ್ಲಿದ್ದ ಪಿಯಾನೋ ಮೇಲೆ ಆ ಹಾಡಿಗೆ ತಾನೇ ಕಟ್ಟಿದ್ದ ಪೀಠಿಕೆಯನ್ನು ನುಡಿಸಿ ತೋರಿಸಿದನು. ಅದನ್ನು ಕೇಳಿದ ತಂಡ ಅವನನ್ನೇ ಪಿಯಾನೋ ವಾದಕನಾಗಿ ಸೇರಿಸಿಕೊಂಡಿತು.

ಆಲ್ಮನ್ ಬ್ರದರ್ಸ್ ನನಗೆ ಸಿಕ್ಕಿದ್ದು ಬಸ್ಸಿನಲ್ಲಿ. ನಮ್ಮ ಓಟದ ತಂಡದ ನಾಯಕ ಜಾರ್ಜಿಯಾದ ಮೇಕನ್ ಊರಿನ ಮೂಲದವನು. ಅವನ ಮಟ್ಟಿಗೆ ಆಲ್ಮನ್ ಸಹೋದರರು ಮನೆಯವರಿದ್ದಂತೆ. 1969ರ ಮಾರ್ಚ್‌ನಲ್ಲಿ ಜ್ಯಾಕ್ಸನ್‌ವಿಲ್‌ನಲ್ಲಿ ಒಟ್ಟುಗೂಡಿದ ಆರು ಜನ, ಫಿಲ್ ವಾಲ್ಡನ್ ಅವರ ಕ್ಯಾಪ್ರಿಕಾರ್ನ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಕಂಪನಿ ಇದ್ದ ಮೇಕನ್‌ಗೆ ಬಂದು ಬೀಡುಬಿಟ್ಟದ್ದು ಅವನ ಅಜ್ಜಿಗೆ ನೆನಪಿತ್ತಂತೆ. ಅವನು ನನ್ನ ಕೈಗೆ ಒಂದು ಕ್ಯಾಸೆಟ್ ಪ್ರತಿ ಕೊಟ್ಟು, ಒಂದು ವಾರದವರೆಗೆ ಅಭಿಪ್ರಾಯ ಹೇಳಬೇಡ ಎಂದು ಷರತ್ತು ಹಾಕಿದನು. ಅದು 'ಅಟ್ ಫಿಲ್‌ಮೋರ್ ಈಸ್ಟ್', 1971ರ ಮಾರ್ಚ್ 12 ಮತ್ತು 13ರ ರಾತ್ರಿಗಳಲ್ಲಿ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ಮುದ್ರಿಸಿಕೊಂಡ ಕಛೇರಿ. ಎರಡು ಎಲ್‌ಪಿ ತಟ್ಟೆಗಳಲ್ಲಿ ಇದ್ದದ್ದು ಏಳೇ ಕೃತಿಗಳು. ಕೊನೆಯದಾದ 'ವಿಪ್ಪಿಂಗ್ ಪೋಸ್ಟ್' ಒಂದೇ ಸುಮಾರು ಇಪ್ಪತ್ತಮೂರು ನಿಮಿಷ.

ಮೊದಲ ಬಾರಿ ಕೇಳಿದಾಗ ನನಗೆ ಅದು ಹಿಡಿಸಲಿಲ್ಲ. ವೇಟ್ ರೂಮಿನ ನೇರವಾದ ಹಾಡುಗಳಿಗೆ ಒಗ್ಗಿದ್ದ ಕಿವಿಗೆ ಇದು ದಿಕ್ಕಿಲ್ಲದ ಅಲೆದಾಟವೆಂದು ತೋರಿತು. ಅಭಿಪ್ರಾಯ ಬದಲಾದದ್ದು ಅಮ್ಮನಿಂದ. ಅಡುಗೆಮನೆಯಲ್ಲಿ ಆ ಕ್ಯಾಸೆಟ್ ಹಾಕಿಕೊಂಡು ಓಟದ ಬೂಟಿನ ಮಣ್ಣು ತೆಗೆಯುತ್ತಿದ್ದಾಗ, ಆರಂಭದ 'ಸ್ಟೇಟ್ಸ್‌ಬರೋ ಬ್ಲೂಸ್' ಕೃತಿಯಲ್ಲಿ ಡ್ವೇನ್ ಆಲ್ಮನ್ ನುಡಿಸುವ ಸ್ಲೈಡ್ ಗಿಟಾರ್ ಕೇಳಿ ಅವರು ಒಗ್ಗರಣೆಯ ಸೌಟನ್ನು ಕೆಳಗಿಟ್ಟರು.

"ಇದು ಗೋಟುವಾದ್ಯ ಇದ್ದ ಹಾಗೆ ಇದೆಯಲ್ಲೋ. ಯಾರೋ ನುಡಿಸ್ತಿರೋದು?"

ಮಾತ್ರೆಯ ಪುಟ್ಟ ಗಾಜಿನ ಬಾಟಲಿಯನ್ನು ಬೆರಳಿಗೆ ತೊಡಿಸಿಕೊಂಡು ತಂತಿಯ ಮೇಲೆ ಜಾರಿಸುವುದು ಡ್ವೇನ್‌ನ ಕ್ರಮ. ಮೆಟ್ಟಿಲುಗಳ ಹಂಗಿಲ್ಲದೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಆ ಎಳೆತ, ಗೋಟುವಾದ್ಯದ ಜಾರುಗಳನ್ನು ಕೇಳಿ ಬೆಳೆದವರಿಗೆ ಪರಿಚಿತವೇ ಆಗಿತ್ತು. ಅಮ್ಮ ಪೂರ್ತಿ ಕ್ಯಾಸೆಟ್ ಕೇಳಿದರು. 'ಇನ್ ಮೆಮರಿ ಆಫ್ ಎಲಿಜಬೆತ್ ರೀಡ್' ಬಂದಾಗ, ಡಿಕಿ ಬೆಟ್ಸ್‌ನ ಗಿಟಾರ್ ಪಿಟೀಲಿನಂತೆ ಮೆಲ್ಲಗೆ ಏಳುವುದನ್ನೂ, ಬಳಿಕ ಎರಡು ಗಿಟಾರ್‌ಗಳು ಜೊತೆಯಾಗಿ ಪಲ್ಲವಿಯನ್ನು ಸ್ಥಾಪಿಸಿ, ಆಮೇಲೆ ಒಬ್ಬೊಬ್ಬರಾಗಿ ಅದನ್ನು ಬಿಡಿಸುತ್ತಾ ಹೋಗುವುದನ್ನೂ, ಕೊನೆಯಲ್ಲಿ ಬುಚ್ ಟ್ರಕ್ಸ್ ಮತ್ತು ಜೈಮೋ ಎಂಬ ಇಬ್ಬರು ಡ್ರಮ್ ವಾದಕರಿಗೆ ತನಿ, ಅಂದರೆ ತಾವೇ ನುಡಿಸುವ ಅವಕಾಶ, ಬಿಡುವುದನ್ನೂ ಗುರುತಿಸಿ ಅವರು ಹೇಳಿದ ಮಾತು ನನ್ನ ಇಡೀ ಹೋಲಿಕೆಗೆ ಕೀಲಿಕೈಯಾಯಿತು: "ನಿನ್ನ ಆ ವೇಟ್ ರೂಮಿನ ಹಾಡು ಕಲ್ಪಿತ. ಇದು ಮನೋಧರ್ಮ ಕಣೋ."

ಕರ್ನಾಟಕ ಸಂಗೀತದಲ್ಲಿ ವಾಗ್ಗೇಯಕಾರ ಮೊದಲೇ ಕಟ್ಟಿಟ್ಟ ವರ್ಣ, ಕೃತಿಗಳು ಕಲ್ಪಿತ ಸಂಗೀತ. ಆಲಾಪನೆ, ನೆರವಲ್, ಕಲ್ಪನಾಸ್ವರಗಳಂತೆ ವೇದಿಕೆಯ ಮೇಲೆ ಆ ಕ್ಷಣದಲ್ಲಿ ಹುಟ್ಟುವುದು ಮನೋಧರ್ಮ ಸಂಗೀತ. ಈ ವಿಂಗಡಣೆಯನ್ನು ಹಿಡಿದು ಎರಡೂ ತಂಡಗಳನ್ನು ಮತ್ತೆ ಕೇಳಿದಾಗ ನನ್ನ ಮೊದಲ ತಿಳಿವಳಿಕೆ ತಲೆಕೆಳಗಾಯಿತು. ಲೆನರ್ಡ್ ಸ್ಕಿನರ್ಡ್ ಮದ್ಯ, ಜಗಳ, ಗದ್ದಲಗಳ ತಂಡವೆಂದು ಹೆಸರಾದದ್ದರಿಂದ ಅವರ ಸಂಗೀತವೂ ಹಾಗೆಯೇ ಹೊಳೆದಂತೆ ಹೊಮ್ಮಿದ್ದೆಂದು ನಾನು ಎಣಿಸಿದ್ದೆ. ವಾಸ್ತವದಲ್ಲಿ ಇವರಿಬ್ಬರಲ್ಲಿ ಶಿಸ್ತಿನ ತಂಡ ಅದೇ. ಜ್ಯಾಕ್ಸನ್‌ವಿಲ್‌ನ ದಕ್ಷಿಣಕ್ಕೆ ಗ್ರೀನ್ ಕೋವ್ ಸ್ಪ್ರಿಂಗ್ಸ್ ಬಳಿಯ ತಗಡಿನ ಸೂರಿನ ಒಂದು ಗುಡಿಸಲಿನಲ್ಲಿ, ಫ್ಲಾರಿಡಾದ ಬೇಸಿಗೆಯ ಧಗೆಯಲ್ಲಿ, ಬೆಳಗಿನಿಂದ ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದರು. ಆ ಗುಡಿಸಲಿಗೆ ಅವರೇ 'ಹೆಲ್ ಹೌಸ್' ಎಂದು ಹೆಸರಿಟ್ಟಿದ್ದರು. ಗಿಟಾರ್‌ನ ಏಕವಾದನವನ್ನೂ ಸ್ವರ ಬಿಡದಂತೆ ಮೊದಲೇ ಕಟ್ಟಿ, ವೇದಿಕೆಯ ಮೇಲೆ ಅದನ್ನೇ ನುಡಿಸಬೇಕೆಂಬುದು ರಾನಿಯ ಕಟ್ಟಳೆ. ಮೂರು ಗಿಟಾರ್‌ಗಳು ಒಂದರ ಕಾಲನ್ನು ಇನ್ನೊಂದು ತುಳಿಯದೆ ನಡೆಯಬೇಕಾದರೆ ಬೇರೆ ದಾರಿಯೂ ಇರಲಿಲ್ಲ. ಅವರ ಅಭ್ಯಾಸದ ಕ್ರಮ ನಮ್ಮ ಕೋಚ್ ನಮ್ಮಿಂದ ಮಾಡಿಸುತ್ತಿದ್ದುದಕ್ಕಿಂತ ಹೆಚ್ಚು ಭಿನ್ನವಾಗಿರಲಿಲ್ಲ: ನಾನೂರು ಮೀಟರಿನ ಹನ್ನೆರಡು ಸುತ್ತು, ಪ್ರತಿಯೊಂದೂ ಅದೇ ಸಮಯಕ್ಕೆ, ಒಂದು ಸೆಕೆಂಡು ಬೇಗ ಬಂದರೂ ಅದು ತಪ್ಪೇ.

ಮನೋಧರ್ಮವೆಂದರೆ ಲೆಕ್ಕವಿಲ್ಲದ್ದು ಎಂದು ಮಾತ್ರ ತಿಳಿಯಬಾರದು. 'ವಿಪ್ಪಿಂಗ್ ಪೋಸ್ಟ್' ಆರಂಭದ ಬೇಸ್ ಗಿಟಾರಿನ ನಡೆ ಹನ್ನೊಂದು ಎಣಿಕೆಯದು. ರಾಕ್ ಸಂಗೀತದಲ್ಲಿ ನಾಲ್ಕರ ಎಣಿಕೆಯೇ ರೂಢಿ, ಆದುದರಿಂದ ನಮ್ಮ ತಂಡದ ಹುಡುಗರಿಗೆ ಅಲ್ಲಿ ಎಲ್ಲೋ ಒಂದು ಕಡೆ ಕಾಲು ತಪ್ಪಿದಂತಾಗುತ್ತಿತ್ತು. ನಾನು ಅದನ್ನು 'ತಕಿಟ ತಕಿಟ ತಕಿಟ ತಕ' ಎಂದು ಬಾಯಲ್ಲಿ ಹೇಳಿ, ಬಸ್ಸಿನ ಸೀಟಿನ ಬೆನ್ನ ಮೇಲೆ ಬಡಿದು ತೋರಿಸಿದೆ. ಮೂರು ಮೂರರ ಗುಂಪು, ಕೊನೆಗೆ ಒಂದು ಎರಡರ ಗುಂಪು. ಹಾಡನ್ನು ರಚಿಸಿದ ಗ್ರೆಗ್ ಆಲ್ಮನ್‌ಗೆ ತಾನು ಹನ್ನೊಂದರಲ್ಲಿ ಬರೆದಿದ್ದೇನೆಂಬುದು ತಿಳಿದಿರಲಿಲ್ಲ, ಅಣ್ಣ ಡ್ವೇನ್ ಹೇಳಿದ ಮೇಲೆಯೇ ತಿಳಿದದ್ದು. ಮೂರು ಬಾರಿ ಮೂರು ಎಣಿಸಿ, ಮತ್ತೆ ಆರಂಭಕ್ಕೆ ಮರಳಲು ಎರಡು ಎಣಿಕೆ ಸೇರಿಸಿದ್ದೆ ಎಂಬುದೇ ಅವನ ವಿವರಣೆಯಾಗಿತ್ತು. ಆ ದಿನದಿಂದ ಬಸ್ಸಿನ ಹಿಂದಿನ ಸಾಲಿನಲ್ಲಿ ನನಗೊಂದು ಸ್ಥಾನ ಸಿಕ್ಕಿತು. ಹೊಸ ದೇಶದಲ್ಲಿ, ನಾನು ಮನೆಯಿಂದ ತಂದ ವಿದ್ಯೆಯೊಂದು ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದ ಮೊದಲ ಸಂದರ್ಭ ಅದು, ಅದರ ಸಂತೋಷ ಇಂದಿಗೂ ಆರಿಲ್ಲ.

ಇನ್ನು ಕಾಡಿನ ದಾರಿ. ಅಂದಿನ ಸಿಡಿ ಪ್ಲೇಯರ್‌ಗಳನ್ನು ಹಿಡಿದು ಏರುತಗ್ಗಿನಲ್ಲಿ ಓಡಲು ಸಾಧ್ಯವಿರಲಿಲ್ಲ, ಸ್ಪರ್ಧೆಯಲ್ಲಂತೂ ಪ್ರಶ್ನೆಯೇ ಇಲ್ಲ. ಹೀಗಾಗಿ ಓಡುವಾಗ ಕೇಳುತ್ತಿದ್ದ ಸಂಗೀತವೆಲ್ಲ ತಲೆಯೊಳಗಿನದು. ಹೋಲಿಕೆಗೆ ಇದಕ್ಕಿಂತ ನಿಷ್ಠುರವಾದ ಪರೀಕ್ಷೆ ಇನ್ನೊಂದಿರಲಾರದು, ಏಕೆಂದರೆ ನೆನಪಿನಲ್ಲಿ ಉಳಿಯದ ಸಂಗೀತ ಅಲ್ಲಿ ತಾನಾಗಿ ಮೌನವಾಗುತ್ತಿತ್ತು. 'ಫ್ರೀ ಬರ್ಡ್' ಹಾಡನ್ನು ನಾನು ಆರಂಭದಿಂದ ಅಂತ್ಯದವರೆಗೆ ತಲೆಯಲ್ಲಿ ನುಡಿಸಬಲ್ಲವನಾಗಿದ್ದೆ. ಸ್ಟುಡಿಯೋ ಆವೃತ್ತಿ ಒಂಬತ್ತು ನಿಮಿಷ ಮೀರಿದ್ದು. ಮೊದಲರ್ಧ ವಿಳಂಬ ನಡೆಯಲ್ಲಿ ಗ್ಯಾರಿ ರಾಸಿಂಗ್‌ಟನ್‌ನ ಸ್ಲೈಡ್ ಗಿಟಾರ್ ಮತ್ತು ರಾನಿಯ ಹಾಡುಗಾರಿಕೆ. ಸರಿಸುಮಾರು ನಡುವಿನಲ್ಲಿ ಕಾಲ ತಟ್ಟನೆ ದ್ರುತಕ್ಕೆ ಏರಿ, ಅಲ್ಲಿಂದ ಕೊನೆಯವರೆಗೆ ಆಲನ್ ಕಾಲಿನ್ಸ್‌ನ ಗಿಟಾರ್. ಆ ವಾದನ ಮೊದಲೇ ಕಟ್ಟಿದ್ದಾದ್ದರಿಂದ ಪ್ರತಿಯೊಂದು ತಿರುವೂ ಬಾಯಿಪಾಠ ಬರುತ್ತಿತ್ತು. ಕೊನೆಯ ಎಂಟುನೂರು ಮೀಟರಿಗೆ ಅದು ಬೇಕೇ ಬೇಕು. ಎದೆ ಉರಿಯುತ್ತಿರುವಾಗ ಮುಂದಿನ ಸ್ವರ ಯಾವುದೆಂಬ ಖಾತರಿ ಮನುಷ್ಯನಿಗೆ ದೊಡ್ಡ ಆಸರೆ.

ಆದರೆ ನಡುವಿನ ಎರಡು ಕಿಲೋಮೀಟರ್‌ಗಳಲ್ಲಿ ಅದೇ ಹಾಡು ನನಗೆ ಕೆಡುಕು ಮಾಡಿತು. ಹತ್ತನೇ ತರಗತಿಯ ಹಲವು ಸ್ಪರ್ಧೆಗಳಲ್ಲಿ, ಆರಂಭದ ಗುಂಡು ಹಾರಿದ ಕೂಡಲೇ ಆ ದ್ರುತ ಭಾಗವನ್ನು ತಲೆಯಲ್ಲಿ ಹಚ್ಚಿಕೊಂಡು ಮೊದಲ ಮೈಲಿಯನ್ನು ಮಿತಿಮೀರಿದ ವೇಗದಲ್ಲಿ ಓಡಿ, ಎರಡನೆಯದರಲ್ಲಿ ಸೋತು ನಡಿಗೆಗೆ ಇಳಿಯುವ ಸ್ಥಿತಿ ಬರುತ್ತಿತ್ತು. ಹನ್ನೊಂದನೇ ತರಗತಿಯಲ್ಲಿ ನಾನು ನಡುವಿನ ಭಾಗಕ್ಕೆ 'ಎಲಿಜಬೆತ್ ರೀಡ್' ಕೃತಿಯನ್ನು ಇಟ್ಟುಕೊಂಡೆ. ಅಲ್ಲಿನ ಪಲ್ಲವಿ ನೆನಪಿನಲ್ಲಿರುತ್ತಿತ್ತು, ಆದರೆ ಡ್ವೇನ್‌ನ ವಾದನವನ್ನು ಸ್ವರಸ್ವರವಾಗಿ ನೆನಪಿಡುವುದು ನನ್ನಿಂದ ಆಗುತ್ತಿರಲಿಲ್ಲ. ಪಲ್ಲವಿ ಮುಗಿದ ಮೇಲೆ ತಲೆ ತನ್ನದೇ ಸ್ವರಗಳನ್ನು ಹೂಡುತ್ತಾ ಹೋಗುತ್ತಿತ್ತು, ಕಾಲುಗಳು ಕೆಳಗೆ ಒಂದೇ ಸಮನೆ ನಡೆಯುತ್ತಿದ್ದವು. ದೂರ ಕರಗಿದ್ದು ತಿಳಿಯುತ್ತಿರಲಿಲ್ಲ. ಆ ಹಂಗಾಮಿನಲ್ಲಿ ನನ್ನ ಐದು ಕಿಲೋಮೀಟರಿನ ಸಮಯ 19 ನಿಮಿಷ 40 ಸೆಕೆಂಡಿನಿಂದ 18 ನಿಮಿಷ 12 ಸೆಕೆಂಡಿಗೆ ಇಳಿಯಿತು. ಅದಕ್ಕೆ ವರ್ಷವಿಡೀ ಮಾಡಿದ ಓಟವೇ ಮುಖ್ಯ ಕಾರಣವೆಂಬುದು ನಿಜ, ಆದರೂ ನಡುವಿನ ಮೈಲಿಯಲ್ಲಿ ತಾಳ್ಮೆ ಕಲಿಸಿದ್ದು ಆ ಹದಿಮೂರು ನಿಮಿಷಗಳ ವಾದ್ಯಕೃತಿ ಎಂದು ನಾನು ದೃಢವಾಗಿ ನಂಬುತ್ತೇನೆ.

ಎರಡೂ ತಂಡಗಳನ್ನು ಒಂದೇ ತಕ್ಕಡಿಯಲ್ಲಿ ಇಡಬಯಸುವವರಿಗೆ ಒಂದು ಸೌಕರ್ಯವಿದೆ: 'ಅಟ್ ಫಿಲ್‌ಮೋರ್ ಈಸ್ಟ್' ಮತ್ತು ಸ್ಕಿನರ್ಡ್ ತಂಡದ 'ಒನ್ ಮೋರ್ ಫ್ರಮ್ ದ ರೋಡ್' ಎರಡೂ ನೇರ ಕಛೇರಿಯ ಮುದ್ರಣಗಳು, ಎರಡರ ನಿರ್ಮಾಪಕರೂ ಟಾಮ್ ಡೌಡ್. ಎರಡನೆಯದು 1976ರ ಜುಲೈನಲ್ಲಿ ಅಟ್ಲಾಂಟಾದ ಫಾಕ್ಸ್ ಥಿಯೇಟರ್‌ನಲ್ಲಿ ಮುದ್ರಣವಾಯಿತು, ಕೆಡವುವ ಭೀತಿಯಲ್ಲಿದ್ದ ಆ ಹಳೆಯ ಸಭಾಂಗಣವನ್ನು ಉಳಿಸಲು ಆ ಕಛೇರಿಗಳು ನೆರವಾದವು. ನಾನು ಎರಡನ್ನೂ ಒಂದೇ ಹೆಡ್‌ಫೋನಿನಲ್ಲಿ, ಒಂದೇ ಬಸ್ಸಿನ ಪ್ರಯಾಣದಲ್ಲಿ, ಒಂದು ಹಂಗಾಮು ಪೂರ್ತಿ ಅದಲುಬದಲು ಮಾಡಿ ಕೇಳಿದ್ದೇನೆ. ಸ್ಪರ್ಧೆಗೆ ಹೋಗುವ ದಾರಿಯಲ್ಲಿ ಫಾಕ್ಸ್ ಮುದ್ರಣವೇ ಗೆಲ್ಲುತ್ತದೆ. ಜನರ ಕೂಗು ಸಂಗೀತದೊಳಗೆ ಬೆರೆತಿದೆ, ಹಾಡುಗಳು ಚಿಕ್ಕವು, ಎಲ್ಲಿ ಕೈಬಿಟ್ಟರೂ ಮುಂದಿನದರಲ್ಲಿ ಮತ್ತೆ ಸೇರಿಕೊಳ್ಳಬಹುದು, ಮತ್ತು ಹತ್ತು ಜನ ಹುಡುಗರು ಒಟ್ಟಿಗೆ ಹಾಡಬಹುದು. ಫಿಲ್‌ಮೋರ್ ಮುದ್ರಣದ ಜೊತೆ ಹತ್ತು ಜನ ಹಾಡಲಾರರು. ಅಲ್ಲಿ ಸಭಿಕರು ಕೂಡ ಬಹುಪಾಲು ಮೌನವಾಗಿ ಆಲಿಸುತ್ತಾರೆ. ಅದು ಹಿಂದಿರುಗುವ ದಾರಿಯ ಸಂಗೀತ: ಓಟ ಮುಗಿದಿದೆ, ಮೈ ಹಗುರವಾಗಿದೆ, ಹೊರಗೆ ಪೈನ್ ಮರಗಳು ಹಿಂದಕ್ಕೆ ಸರಿಯುತ್ತಿವೆ, ಯಾರಿಗೂ ಮಾತು ಬೇಡ.

ಸ್ಕಿನರ್ಡ್ ತಂಡವನ್ನು ಮೆಚ್ಚುವುದರಲ್ಲಿ ನನಗೆ ಒಂದು ಅಡ್ಡಿ ಇತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಪ್ಪತ್ತರ ದಶಕದಲ್ಲಿ ಆ ತಂಡ ವೇದಿಕೆಯ ಹಿನ್ನೆಲೆಯಲ್ಲಿ ಕಾನ್ಫೆಡರೇಟ್ ಬಾವುಟವನ್ನು ತೂಗುಹಾಕುತ್ತಿತ್ತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ರಾಜ್ಯಗಳ ಯುದ್ಧಧ್ವಜ ಅದು. ನಾನು ಶಾಲೆಗೆ ಸೇರಿದಾಗ ಜಾರ್ಜಿಯಾ ರಾಜ್ಯದ ಅಧಿಕೃತ ಬಾವುಟದಲ್ಲೇ ಆ ಚಿಹ್ನೆ ಇತ್ತು. 1956ರಿಂದ ಇದ್ದ ಅದನ್ನು ಪ್ರಧಾನ ಸ್ಥಾನದಿಂದ ತೆಗೆದದ್ದು 2001ರ ಆರಂಭದಲ್ಲಿ, ಅಂದರೆ ನಾನು ಹನ್ನೊಂದನೇ ತರಗತಿಯಲ್ಲಿದ್ದಾಗ. ನಮ್ಮ ತಂಡದ ಅತ್ಯುತ್ತಮ ಓಟಗಾರ ಕಪ್ಪು ಜನಾಂಗದ ಹುಡುಗ. ಆ ಚಿಹ್ನೆಯ ಅಂಗಿ ತೊಟ್ಟವರು ವೇಟ್ ರೂಮಿನಲ್ಲಿ ಇದ್ದ ದಿನ ಅವನು ತನ್ನ ಕಸರತ್ತನ್ನು ಹೊರಗಿನ ಮೆಟ್ಟಿಲುಗಳ ಮೇಲೆ ಮಾಡಿ ಮುಗಿಸುತ್ತಿದ್ದನು. ನಾನು ಕೆಲವು ದಿನ ಒಳಗೇ ಇದ್ದೆ. ಆಮೇಲೆ ಅವನ ಜೊತೆ ಹೊರಗೆ ಹೋದೆ.

ಹಾಡುಗಳನ್ನು ಮಾತ್ರ ತೆಗೆದುಕೊಂಡರೆ ವಿಷಯ ಅಷ್ಟು ಸರಳವಾಗಿಲ್ಲ. ಇದೇ ತಂಡ 'ದ ಬ್ಯಾಲಡ್ ಆಫ್ ಕರ್ಟಿಸ್ ಲೋ' ಹಾಡಿನಲ್ಲಿ, ಊರು ಕಡೆಗಣಿಸಿದ ಒಬ್ಬ ಕಪ್ಪು ಸಂಗೀತಗಾರನನ್ನು ಗುರುವೆಂದು ನೆನೆಯುವ ಬಾಲಕನ ಕತೆ ಹೇಳಿದೆ; 'ಸ್ಯಾಟರ್ಡೇ ನೈಟ್ ಸ್ಪೆಷಲ್' ಹಾಡಿನಲ್ಲಿ ಅಗ್ಗದ ಕೈಪಿಸ್ತೂಲುಗಳ ವಿರುದ್ಧ ದನಿಯೆತ್ತಿದೆ; 'ಸ್ವೀಟ್ ಹೋಮ್ ಅಲಬಾಮಾ'ದ ಹಿನ್ನೆಲೆಯಲ್ಲಿ ಹಾಡಿದವರಲ್ಲಿ ಮೆರ್ರಿ ಕ್ಲೇಟನ್ ಎಂಬ ಕಪ್ಪು ಗಾಯಕಿಯೂ ಇದ್ದಾರೆ. ಆಲ್ಮನ್ ತಂಡದಲ್ಲಿ ಈ ಪ್ರಶ್ನೆಗೆ ವೇದಿಕೆಯ ಮೇಲೆಯೇ ಉತ್ತರವಿತ್ತು. ಇಬ್ಬರು ಡ್ರಮ್ ವಾದಕರಲ್ಲಿ ಒಬ್ಬನಾದ ಜೈಮೋ ಕಪ್ಪು ಜನಾಂಗದವನು, ಮೊದಲು ಮೇಕನ್‌ನ ಮಹಾನ್ ಗಾಯಕ ಓಟಿಸ್ ರೆಡ್ಡಿಂಗ್ ಜೊತೆ ನುಡಿಸುತ್ತಿದ್ದವನು. 1969ರ ದಕ್ಷಿಣದಲ್ಲಿ ಅಂಥ ಮಿಶ್ರ ತಂಡ ಒಂದೇ ಗಾಡಿಯಲ್ಲಿ ಊರೂರು ತಿರುಗುವುದು ಸಣ್ಣ ಮಾತಾಗಿರಲಿಲ್ಲ. ಈ ಒಂದು ವಿಷಯದಲ್ಲಿ ನನ್ನ ತಕ್ಕಡಿ ಆಲ್ಮನ್ ಕಡೆಗೆ ಪೂರ್ತಿಯಾಗಿ ವಾಲುತ್ತದೆ.

ಬೇರೆ ತಂಡಗಳನ್ನೂ ಪ್ರಯತ್ನಿಸಿದ್ದುಂಟು. ಟೆಕ್ಸಸ್‌ನ ಜೀಜೀ ಟಾಪ್ ಮೂವರ ತಂಡ. ವೇಟ್ ರೂಮಿಗೆ ಚೆನ್ನ, ಬಸ್ಸಿನಲ್ಲಿ ನಾಲ್ಕು ಹಾಡಿಗೆ ಸಾಕೆನಿಸಿತು. ಮಾಲಿ ಹ್ಯಾಚೆಟ್ ಸ್ಕಿನರ್ಡ್ ದಾರಿಯನ್ನೇ ಇನ್ನಷ್ಟು ಗಟ್ಟಿ ದನಿಯಲ್ಲಿ ಹಿಡಿದವರು. ಆದರೆ ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ಊರಿನ ಮಾರ್ಷಲ್ ಟಕರ್ ಬ್ಯಾಂಡ್ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರ ಸಂಗೀತದಲ್ಲಿ ಜೆರ್ರಿ ಯೂಬ್ಯಾಂಕ್ಸ್ ನುಡಿಸುವ ಕೊಳಲಿದೆ, ಮತ್ತು 1973ರ 'ಕ್ಯಾಂಟ್ ಯು ಸೀ' ಆ ಕೊಳಲಿನಿಂದಲೇ ಏಳುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಮರಳಿದ್ದ ಟಾಯ್ ಕಾಲ್ಡ್‌ವೆಲ್ ಅದನ್ನು ಬರೆದು ಹಾಡಿದವನು. ಅವನು ಗಿಟಾರ್ ತಂತಿಯನ್ನು ಮೀಟುಗಡ್ಡಿಯಿಲ್ಲದೆ ಹೆಬ್ಬೆರಳಿನಿಂದಲೇ ಮೀಟುತ್ತಿದ್ದನು. ಸೋತ ದಿನದ ಸಂಜೆಗೆ ನಾನು ಕೇಳುತ್ತಿದ್ದದ್ದು ಆ ಹಾಡೊಂದನ್ನೇ. ಮುಖ್ಯ ಹೋಲಿಕೆಯಲ್ಲಿ ಅದನ್ನು ಸೇರಿಸಿಲ್ಲ, ಏಕೆಂದರೆ ಅದಕ್ಕೆ ಎದುರಾಳಿಯನ್ನು ಹುಡುಕುವ ಮನಸ್ಸು ನನಗೆ ಬರಲಿಲ್ಲ.

2001ರ ಶರತ್ಕಾಲದಲ್ಲಿ ಮೇಕನ್ ಕಡೆಗೆ ಸ್ಪರ್ಧೆಗೆ ಹೋದಾಗ, ಕೋಚ್ ಅನುಮತಿ ಪಡೆದು ನಾವು ಏಳು ಜನ ರೋಸ್ ಹಿಲ್ ಸ್ಮಶಾನಕ್ಕೆ ಹೋದೆವು. ಓಕ್ಮಲ್ಗಿ ನದಿಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗುಡ್ಡದ ಮೇಲೆ ಅದು ಇದೆ, ಕೆಳಗೆ ರೈಲು ಹಳಿ. ಡ್ವೇನ್ ಆಲ್ಮನ್ ಮತ್ತು ಬೇಸ್ ವಾದಕ ಬೆರ್ರಿ ಓಕ್ಲಿ ಅಲ್ಲಿ ಅಕ್ಕಪಕ್ಕದಲ್ಲಿ ಮಲಗಿದ್ದಾರೆ. ಡ್ವೇನ್ 1971ರ ಅಕ್ಟೋಬರ್ 29ರಂದು, ಫಿಲ್‌ಮೋರ್ ಮುದ್ರಣ ಬಿಡುಗಡೆಯಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, ಇದೇ ಊರಿನಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಮರುವರ್ಷ ಬೆರ್ರಿಯೂ ಅದೇ ಬಗೆಯಲ್ಲಿ ಹೋದನು. ಎಲಿಜಬೆತ್ ರೀಡ್ ಎಂಬ ಹೆಸರೂ ಅಲ್ಲಿನ ಒಂದು ಹಳೆಯ ಸಮಾಧಿಯ ಕಲ್ಲಿನಿಂದ ಡಿಕಿ ಬೆಟ್ಸ್ ಎತ್ತಿಕೊಂಡದ್ದು. ಆ ಕಲ್ಲನ್ನು ಹುಡುಕಿ ನಿಂತಾಗ, ನನ್ನ ನಡುವಿನ ಮೈಲಿಗಳಿಗೆಲ್ಲ ಜೊತೆಯಾದ ಹೆಸರು ಅಲ್ಲಿ ಕೊರೆದಿರುವುದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಸ್ಕಿನರ್ಡ್ ತಂಡದ ಪಾಲಿಗೂ ಇಂಥದೇ ದಿನ ಬಂತು. 1977ರ ಅಕ್ಟೋಬರ್ 20ರಂದು ಇಂಧನ ತೀರಿದ ಅವರ ವಿಮಾನ ಮಿಸಿಸಿಪ್ಪಿಯ ಗಿಲ್ಸ್‌ಬರ್ಗ್ ಬಳಿಯ ಕಾಡಿನಲ್ಲಿ ಬಿದ್ದು ರಾನಿ ವ್ಯಾನ್ ಜಾಂಟ್, ಸ್ಟೀವ್ ಗೇನ್ಸ್, ಕ್ಯಾಸಿ ಗೇನ್ಸ್ ಸೇರಿ ಆರು ಜನ ಮರಣ ಹೊಂದಿದರು. ರಾನಿಗೆ ಇಪ್ಪತ್ತೊಂಬತ್ತು. 'ಫ್ರೀ ಬರ್ಡ್' ಹಾಡನ್ನು ವೇದಿಕೆಯ ಮೇಲೆ ಡ್ವೇನ್ ಆಲ್ಮನ್ ನೆನಪಿಗೆ ಅರ್ಪಿಸುತ್ತಿದ್ದವರು ಅವರೇ. ಎರಡು ತಂಡಗಳನ್ನು ಎದುರಾಳಿಗಳೆಂದು ನಾವು ಬಸ್ಸಿನಲ್ಲಿ ವಾದಿಸುತ್ತಿದ್ದೆವು. ಅವರು ತಮ್ಮನ್ನು ಹಾಗೆ ಎಣಿಸಿರಲಿಲ್ಲ.

ಈಗ ಯಾರಾದರೂ ಎಲ್ಲಿಂದ ಆರಂಭಿಸಲಿ ಎಂದು ಕೇಳಿದರೆ, ನಾನು ಸ್ಕಿನರ್ಡ್ ತಂಡದ 1973ರ ಮೊದಲ ಆಲ್ಬಮನ್ನು ಕೈಗೆ ಕೊಡುತ್ತೇನೆ. ಅದರಲ್ಲಿ 'ಸಿಂಪಲ್ ಮ್ಯಾನ್' ಇದೆ, 'ಟ್ಯೂಸ್‌ಡೇಸ್ ಗಾನ್' ಇದೆ, 'ಫ್ರೀ ಬರ್ಡ್' ಇದೆ. ಒಂದೇ ಬಾರಿಗೆ ಮನಸ್ಸಿಗೆ ಹತ್ತುತ್ತದೆ. ಮೂರು ತಿಂಗಳ ನಂತರವೂ ಆಸಕ್ತಿ ಉಳಿದಿದ್ದರೆ ಫಿಲ್‌ಮೋರ್. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಮಾತ್ರ ಈ ಕ್ರಮವನ್ನು ತಿರುಗಿಸಿ ಹೇಳುತ್ತೇನೆ; ಅವರ ಕಿವಿ ಮನೋಧರ್ಮಕ್ಕೆ ಮೊದಲೇ ಸಿದ್ಧವಾಗಿರುತ್ತದೆ. ಇಡೀ ಜೀವಮಾನಕ್ಕೆ ಒಂದೇ ಸಾಕೆಂದರೆ ನನ್ನ ಆಯ್ಕೆ ಫಿಲ್‌ಮೋರ್, ಇದರಲ್ಲಿ ನನಗೆ ಸಂದೇಹವಿಲ್ಲ. ಬಾಯಿಪಾಠವಾದ ಹಾಡು ಇಪ್ಪತ್ತು ವರ್ಷಗಳ ನಂತರ ಹಳೆಯ ಹುಡುಗನನ್ನು ಮರಳಿ ತಂದು ನಿಲ್ಲಿಸುತ್ತದೆ, ಅದು ಪ್ರಿಯವೇ. ಬಾಯಿಪಾಠವಾಗದ ಕೃತಿಯಲ್ಲಿ ಮೊನ್ನೆಯೂ ಒಂದು ಹೊಸ ತಿರುವು ಕೇಳಿಸಿತು.

ಹನ್ನೆರಡನೇ ತರಗತಿಯ ಕೊನೆಯ ಸ್ಪರ್ಧೆಯಿಂದ ಹಿಂದಿರುಗುವಾಗ ಬಸ್ಸಿನ ಟೇಪ್ ರೆಕಾರ್ಡರ್ ನನ್ನ ವಶದಲ್ಲಿತ್ತು. ಹೋಗುವಾಗ ಫಾಕ್ಸ್ ಥಿಯೇಟರ್ ಕಛೇರಿ ಹಾಕಿದ್ದೆ, ಬರುವಾಗ ಫಿಲ್‌ಮೋರ್ ಹಾಕಿದೆ. 'ವಿಪ್ಪಿಂಗ್ ಪೋಸ್ಟ್' ಕೊನೆಗೆ ಬಂದಾಗ ಬಸ್ಸು ಶಾಲೆಯ ಅಂಗಳ ಸೇರಿತ್ತು. ಆ ಮುದ್ರಣ ಚಪ್ಪಾಳೆಯೊಂದಿಗೆ ಮುಕ್ತಾಯವಾಗುವುದಿಲ್ಲ. ಕೃತಿ ಮುಗಿಯುತ್ತಿದ್ದಂತೆಯೇ ತಂಡ ಇನ್ನೊಂದಕ್ಕೆ ತೊಡಗುತ್ತದೆ, ಡ್ರಮ್ಮಿನ ಸದ್ದಿನ ಮೇಲೆ ಅದರ ಮೊದಲ ಸ್ವರಗಳು ಏಳುತ್ತಿರುವಾಗಲೇ ದನಿ ಇಳಿದು ಮರೆಯಾಗುತ್ತದೆ. ಆ ಮುಂದಿನ ಕೃತಿ 'ಮೌಂಟನ್ ಜ್ಯಾಮ್', ಮೂವತ್ತಮೂರು ನಿಮಿಷದ್ದು. ಡ್ವೇನ್ ತೀರಿಕೊಂಡ ಮೇಲೆ 1972ರಲ್ಲಿ ಬಂದ 'ಈಟ್ ಎ ಪೀಚ್' ಆಲ್ಬಮಿನಲ್ಲಿ ಎಲ್‌ಪಿಯ ಎರಡು ಬದಿಗಳನ್ನು ತುಂಬಿಕೊಂಡು ಅದು ಇದೆ. ಫಿಲ್‌ಮೋರ್ ಕೊಂಡವರು ಅದನ್ನೂ ಜೊತೆಗೇ ಕೊಳ್ಳಬೇಕು.